ನೀರು ಕಾಯ್ತಾ ಗುರೂ?

ಮಾಗಿ ಚಳಿಗೆ ಹೆದರಿ ಪಾಂಡವಪುರ, ಕೆ.ಆರ್.ಪೇಟೆ, ನಾಗಮಂಗಲದ ಕೆಲವು ಅಭಿಮಾನಿಗಳು ಮಾರ್ನಿಂಗ್ ಶೋಗೆ ಸ್ನಾನ ಮಾಡದೇ ಹೊರಡ್ತಾರಂತೆ! ಹೆಸರು ಹೇಳೋಲ್ಲ ಬಿಡಿ. ಒಂದು ಹೀಟರ್ ಕಾಯಿಲ್ ತಗೊಳ್ರಪ್ಪಾ. 1500 ವಾಟಿನದಾದರೆ 15 ಲೀಟರ್ ನೀರು ಸುಮಾರು 20 ನಿಮಿಷದಲ್ಲಿ ಕಾಯುತ್ತೆ. ಕರೆಂಟು ಅರ್ಧ ಯೂನಿಟ್. ಬೆಳಗಾಗೆದ್ದು ಹಂಡೆ ಒಲೆ ಊದೋದು ಅಮ್ಮನಿಗೆ ತಪ್ಪುತ್ತೆ. ಐ.ಎಸ್.ಐ. ಗುರುತು ನೋಡಿ ಕೊಳ್ಳಿ. 6 ಆಂಪಿಯರಿನ ಸಣ್ಣ ಸಾಕೆಟ್ಟಿಗೆ ಸಿಕ್ಕಿಸಬೇಡಿ. ಅರ್ತಿಂಗ್ ಇರುವ 16 ಆಂಪಿಯರಿನದೇ ಬೇಕು. ತಗಡಿನ ಬಕೆಟ್ಟೂ ಬೇಡ. ಬಿಸಿ ನೋಡೋಕೆ ಬೆರಳು ಅದ್ದೋ ಚಾಳಿ ಇದೆಯಲ್ಲ, ಸ್ವಿಚ್ ಆರಿಸಿ, ಪ್ಲಗ್ ಕಿತ್ತ ಮೇಲಷ್ಟೇ! ಸತ್ತ ಹೀರೋ ಮುಂದಿನ ಚಿತ್ರದಲ್ಲಿ ಬರ್ತಾನೆ, ನೀವು ಬರೋಲ್ಲ. ಶ್ರೀರಂಗಪಟ್ಟಣದವರೇ, ನಮಗೆ ಕಾವೇರಿ ಇದ್ದಾಳೆ ಅಂತೀರಾ? ಜನವರಿಯಲ್ಲಿ ಬೆಳಿಗ್ಗೆ ಐದಕ್ಕೆ ಮುಳುಗಿ ಬಂದು ಕಾಗದ ಬರೀರಿ.