‘ಇಂದು ರಾತ್ರಿ ಫೋನ್ ಆಫ್ ಮಾಡಿ’: ನಕ್ಷತ್ರದ ಕಿರಣಗಳು ನಮ್ಮ ಮೊಬೈಲಿಗೆ ಅಪಾಯವೇ?

ಇಂದು ರಾತ್ರಿ 12.30ರಿಂದ 3.30ರವರೆಗೆ ಭೂಮಿಯ ಹತ್ತಿರ ಕಾಸ್ಮಿಕ್ ಕಿರಣಗಳು ಹಾದುಹೋಗುತ್ತವೆ, ಮೊಬೈಲ್ ಸ್ವಿಚ್ ಆಫ್ ಮಾಡಿ ದೂರ ಇಡಿ, ಎಲ್ಲರಿಗೂ ಕಳುಹಿಸಿ. ಈ ಅರ್ಥದ ಸಂದೇಶ ನಿಮ್ಮ ಫ್ಯಾಮಿಲಿ ಗ್ರೂಪಿಗೂ ಬಂದಿರಬಹುದು. ಅದರಲ್ಲಿ ತಾರೀಖು ಇರುವುದಿಲ್ಲ, ‘ಇಂದು’ ಎಂದಷ್ಟೇ ಇರುತ್ತದೆ. ಹಾಗಾಗಿಯೇ ಅದು ವರ್ಷಗಳಿಂದ ಸುತ್ತುತ್ತಲೇ ಇದೆ.

ಆಕಾಶದಿಂದ ಕಿರಣಗಳು ಬರುವುದು ಸುಳ್ಳಲ್ಲ. ಅವು ಎಲ್ಲಿಂದ ಬರುತ್ತವೆ, ಎಲ್ಲಿಯವರೆಗೆ ತಲುಪುತ್ತವೆ ಎಂಬುದನ್ನು ಒಂದು ಉದಾಹರಣೆಯೊಂದಿಗೆ ನೋಡೋಣ.

ಕಾಂತೀಯ ಶ್ವೇತ ಕುಬ್ಜ ಎಂದರೇನು?

ಸೂರ್ಯನಂಥ ನಕ್ಷತ್ರ ಇಂಧನ ಮುಗಿಸಿದ ಮೇಲೆ ಉಳಿಯುವ ಗಟ್ಟಿ ತಿರುಳೇ ಶ್ವೇತ ಕುಬ್ಜ. ಗಾತ್ರ ಭೂಮಿಯಷ್ಟು, ತೂಕ ಹೆಚ್ಚುಕಡಿಮೆ ಸೂರ್ಯನಷ್ಟು. ಕೆಲವಕ್ಕೆ ಪಕ್ಕದಲ್ಲೇ ಸುತ್ತುವ ಒಂದು ಜೊತೆಗಾರ ನಕ್ಷತ್ರವಿರುತ್ತದೆ. ಶ್ವೇತ ಕುಬ್ಜ ಅದರಿಂದ ಅನಿಲ ಎಳೆದುಕೊಳ್ಳುತ್ತದೆ.

ಸುಮಾರು 285 ಜ್ಯೋತಿರ್ವರ್ಷ ದೂರದ ಎಎಂ ಹರ್ಕ್ಯುಲಿಸ್ ಇಂಥ ಜೋಡಿ. ಎರಡೂ ಸುಮಾರು 3 ಗಂಟೆಗೊಮ್ಮೆ ಪರಸ್ಪರ ಸುತ್ತುತ್ತವೆ. ಭೂಮಿಯ ಕಾಂತಕ್ಷೇತ್ರ ಸುಮಾರು ಅರ್ಧ ಗಾಸ್ ಇದ್ದರೆ, ಈ ಶ್ವೇತ ಕುಬ್ಜದ್ದು ಕೋಟಿ ಗಾಸ್‌ಗೂ ಹೆಚ್ಚು. ಅನಿಲ ನೇರವಾಗಿ ಬೀಳದೆ, ಕಾಂತರೇಖೆಗಳ ಹಾದಿ ಹಿಡಿದು ಧ್ರುವದ ಮೇಲೆ ಸುರಿಯುತ್ತದೆ.

ಒಂದೇ ಬೆಳಕು ಸಾಲದು, ಏಕೆ?

ಅನಿಲ ಅಪ್ಪಳಿಸುವ ಜಾಗ ಕೋಟಿಗಟ್ಟಲೆ ಡಿಗ್ರಿ ಕಾದು ಎಕ್ಸ್-ರೇ ಹೊಮ್ಮಿಸುತ್ತದೆ. ಕೆಳಗೆ ಕಾದ ಮೇಲ್ಮೈ ಅತಿನೇರಳೆ ಕಿರಣವನ್ನೂ ಸೌಮ್ಯ ಎಕ್ಸ್-ರೇಯನ್ನೂ ಕೊಡುತ್ತದೆ. ಕಾಂತರೇಖೆಗಳ ಸುತ್ತ ಗಿರಕಿ ಹೊಡೆಯುವ ಎಲೆಕ್ಟ್ರಾನುಗಳು ಕಣ್ಣಿಗೆ ಕಾಣುವ ಬೆಳಕನ್ನೂ ಅವಗೆಂಪನ್ನೂ ಸೂಸುತ್ತವೆ. ಆ ಬೆಳಕಿನಿಂದ ಕಾಂತಕ್ಷೇತ್ರದ ಬಲ ಅಳೆಯಬಹುದು, ಎಕ್ಸ್-ರೇಯಿಂದ ಶಾಖ ಅಳೆಯಬಹುದು. ಮೂಳೆಗೆ ಎಕ್ಸ್-ರೇ, ಸಕ್ಕರೆ ಕಾಯಿಲೆಗೆ ರಕ್ತಪರೀಕ್ಷೆ ಇದ್ದ ಹಾಗೆ.

ಅನಿಲದ ಹರಿವು ಮುನ್ಸೂಚನೆಯಿಲ್ಲದೆ ತಗ್ಗುವುದೂ ಉಂಟು. ಎಕ್ಸ್-ರೇ ಇವತ್ತು, ಬೆಳಕು ಮುಂದಿನ ತಿಂಗಳು ಎಂದು ಅಳೆದರೆ ಲೆಕ್ಕ ತಾಳೆಯಾಗುವುದಿಲ್ಲ. ಆದ್ದರಿಂದ ಎಲ್ಲವನ್ನೂ ಒಟ್ಟಿಗೆ ನೋಡುವುದು ಮುಖ್ಯ. 2015ರ ಸೆಪ್ಟೆಂಬರ್ 28ರಂದು ಇಸ್ರೊ ಹಾರಿಸಿದ ಆಸ್ಟ್ರೋಸ್ಯಾಟ್‌ನಲ್ಲಿ ಅತಿನೇರಳೆ ಮತ್ತು ಎಕ್ಸ್-ರೇ ಉಪಕರಣಗಳು ಒಟ್ಟಿಗಿವೆ. ನೆಲದಿಂದ ನೋಡಲು ಲಡಾಖಿನ ಹಾನ್ಲೆಯಲ್ಲಿ 2 ಮೀಟರ್ ದೂರದರ್ಶಕವಿದೆ. ಅದನ್ನು ನಡೆಸುವುದು ನಮ್ಮ ಹೊಸಕೋಟೆಯಿಂದ.

ಎಕ್ಸ್-ರೇ ನೋಡಲು ಉಪಗ್ರಹವೇ ಏಕೆ ಬೇಕು? ನಕ್ಷತ್ರಗಳ ಎಕ್ಸ್-ರೇ ನೆಲ ಮುಟ್ಟುವುದೇ ಇಲ್ಲ, ವಾತಾವರಣ ಮೇಲೆಯೇ ತಡೆದುಬಿಡುತ್ತದೆ. ಫಾರ್ವರ್ಡಿಗೆ ಮೊದಲ ಉತ್ತರ ಇಲ್ಲೇ ಇದೆ.

ಕಾಸ್ಮಿಕ್ ಕಿರಣಗಳ ಕತೆ

ಕಾಸ್ಮಿಕ್ ಕಿರಣಗಳೇ ಬೇರೆ. ಅವು ವೇಗವಾಗಿ ಧಾವಿಸುವ ಕಣಗಳು. ವಾತಾವರಣಕ್ಕೆ ಬಡಿದಾಗ ಹುಟ್ಟುವ ಮ್ಯೂಆನ್ ಎಂಬ ಕಣಗಳು ನಿಮ್ಮ ಅಂಗೈ ಮೂಲಕ ಸೆಕೆಂಡಿಗೆ ಸುಮಾರು ಒಂದರಂತೆ ಹಾದುಹೋಗುತ್ತಲೇ ಇವೆ. ಹಗಲೂ ರಾತ್ರಿಯೂ, ನೀವು ಇದನ್ನು ಓದುತ್ತಿರುವಾಗಲೂ. ಅದಕ್ಕೆ 12.30ರ ಮುಹೂರ್ತವಿಲ್ಲ.

ಇನ್ನೊಂದು ಸಾಕ್ಷಿ ಹಾಸನದಲ್ಲೇ ಇದೆ. ಸಾಲಗಾಮೆ ರಸ್ತೆಯ ಇಸ್ರೊ ಕೇಂದ್ರ 1980ರ ದಶಕದಿಂದ ಇನ್ಸಾಟ್, ಜಿಸ್ಯಾಟ್ ಉಪಗ್ರಹಗಳನ್ನು ನಿಯಂತ್ರಿಸುತ್ತಿದೆ. (ಆಸ್ಟ್ರೋಸ್ಯಾಟ್ ಅಲ್ಲ, ಅದರ ನಿಯಂತ್ರಣ ಬೆಂಗಳೂರಿನಿಂದ.) ಅವು 36,000 ಕಿ.ಮೀ. ಎತ್ತರದಲ್ಲಿ, ವಾತಾವರಣದ ರಕ್ಷಣೆಯಿಲ್ಲದೆ ಇರುತ್ತವೆ. ವಿಕಿರಣ ತಡೆಯುವಂತೆ ಅವುಗಳನ್ನು ಕಟ್ಟಿರುತ್ತಾರೆ, ನಿಜ. ಆದರೆ ರಾತ್ರಿಯಾಯಿತೆಂದು ಯಾರೂ ಆಫ್ ಮಾಡುವುದಿಲ್ಲ. ಗಾಳಿಯ ದಪ್ಪ ಹೊದಿಕೆಯ ಕೆಳಗಿರುವ ನಿಮ್ಮ ಫೋನಿಗೆ ಆ ಭಯ ಬೇಡ.

ನಿಜವಾದ ಅಪಾಯ ಯಾವುದು?

ಊರಲ್ಲಿ ಅಪ್ಪ ಅಮ್ಮ ಇಬ್ಬರೇ ಇದ್ದಾರೆ, ಮಕ್ಕಳು ಬೆಂಗಳೂರಲ್ಲಿ. ರಾತ್ರಿ 2 ಗಂಟೆಗೆ ಎದೆನೋವು. ಆ ಫಾರ್ವರ್ಡ್ ನಂಬಿ ಮಕ್ಕಳ ಫೋನ್ ಆಫ್ ಆಗಿದ್ದರೆ? ಯಾವ ನಕ್ಷತ್ರವೂ ಮಾಡದ ಹಾನಿಯನ್ನು ಒಂದು ಮೆಸೇಜ್ ಮಾಡಬಲ್ಲದು.

ಮುಂದಿನ ಸಲ ಅದು ಬಂದಾಗ ಮೂರು ಪ್ರಶ್ನೆ ಕೇಳಿ: ತಾರೀಖು ಇದೆಯೇ? ಹೇಳಿದವರು ಯಾರು? ಇಸ್ರೊ ಜಾಲತಾಣದಲ್ಲಿ ಇದೆಯೇ? ಉತ್ತರ ಸಿಗದಿದ್ದರೆ ಮುಂದಕ್ಕೆ ಕಳುಹಿಸಬೇಡಿ. ಫೋನ್ ಆನ್ ಇರಲಿ.