ನಿನ್ನ ಹಾಬಿ ಯಾವುದು ತಮ್ಮಾ?

ಬೀದರದ ಯಾವ ಬೀದಿಯಲ್ಲಾದರೂ ನಿಂತು ತಲೆ ಎತ್ತಿ ನೋಡು ತಮ್ಮಾ. ‘ಸ್ಪೋಕನ್ ಇಂಗ್ಲಿಷ್’ ಎಂಬ ಫಲಕ ಒಂದಾದರೂ ಕಣ್ಣಿಗೆ ಬೀಳುತ್ತದೆ. ಮೂವತ್ತು ದಿನದಲ್ಲಿ ಇಂಗ್ಲಿಷ್, ನಲವತ್ತೈದು ದಿನದಲ್ಲಿ ಇಂಗ್ಲಿಷ್! ಭಾಲ್ಕಿಯಿಂದ, ಔರಾದದಿಂದ ಬಸ್ಸು ಹತ್ತಿ ಬರುವ ನಮ್ಮ ಹುಡುಗ ಹುಡುಗಿಯರು ಮೊದಲ ವಾರ ಅಲ್ಲಿ ತಮ್ಮ ಹೆಸರು, ತಂದೆಯ ಹೆಸರು, ಊರ ಹೆಸರು ಹೇಳಲು ಕಲಿಯುತ್ತಾರೆ. ಎರಡನೇ ವಾರ ಬರುತ್ತದೆ ನೋಡು ಆ ಪ್ರಶ್ನೆ: ‘ವಾಟ್ ಆರ್ ಯುವರ್ ಹಾಬೀಸ್?’

ಉತ್ತರ ಹಾಳೆಯಲ್ಲಿ ಮೊದಲೇ ಅಚ್ಚಾಗಿದೆ. ‘ಮೈ ಹಾಬೀಸ್ ಆರ್ ರೀಡಿಂಗ್ ಬುಕ್ಸ್, ಲಿಸನಿಂಗ್ ಟು ಮ್ಯೂಸಿಕ್ ಅಂಡ್ ಪ್ಲೇಯಿಂಗ್ ಕ್ರಿಕೆಟ್.’ ಮೂವತ್ತು ಜನ ಕುಳಿತಿದ್ದರೆ ಮೂವತ್ತು ಜನರದೂ ಇದೇ ಹಾಬಿ! ಪುಸ್ತಕ ಮುಟ್ಟಿ ಮೂರು ವರ್ಷವಾದವನದೂ ‘ರೀಡಿಂಗ್ ಬುಕ್ಸ್’. ಬ್ಯಾಟು ಹಿಡಿಯಲು ಬಾರದವನದೂ ‘ಪ್ಲೇಯಿಂಗ್ ಕ್ರಿಕೆಟ್’. ಹೈದರಾಬಾದಿನಲ್ಲೋ ಪುಣೆಯಲ್ಲೋ ಬೆಂಗಳೂರಿನಲ್ಲೋ ಸಂದರ್ಶನಕ್ಕೆ ಕೂತಾಗ ಎದುರಿಗಿದ್ದವರು ‘ಹೌದಾ? ಇತ್ತೀಚೆಗೆ ಯಾವ ಪುಸ್ತಕ ಓದಿದಿರಿ?’ ಎಂದು ಎರಡನೇ ಪ್ರಶ್ನೆ ಹಾಕಿದರೆ ಮುಗಿಯಿತು. ಗಂಟಲು ಒಣಗುತ್ತದೆ, ಅಂಗೈ ಬೆವರುತ್ತದೆ. ಹೊರಗೆ ಬಂದವನು ಗೆಳೆಯರಿಗೆ ಏನೆನ್ನುತ್ತಾನೆ? ‘ನನಗ ಇಂಗ್ಲಿಷ್ ಬರಲ್ಲ, ಅದಕ್ಕs ಹೋಯ್ತು.’ ಸುಳ್ಳು! ಕೈಕೊಟ್ಟದ್ದು ಇಂಗ್ಲಿಷ್ ಅಲ್ಲ ತಮ್ಮಾ. ಯಾರದೋ ಬದುಕನ್ನು ನಿನ್ನದೆಂದು ಹೇಳಹೋಗಿ ಸಿಕ್ಕಿಬಿದ್ದೆ.

ಇಂಗ್ಲಿಷ್ ಕಲಿಯಬೇಡ ಎಂದು ನಾವು ಹೇಳಲು ಬಂದಿಲ್ಲ. ಕಲಿ. ಚೆನ್ನಾಗಿ ಕಲಿ. ವೇದಿಕೆಯ ಮೇಲೆ ‘ಇಂಗ್ಲಿಷ್ ತೊಲಗಲಿ’ ಎಂದು ಗುಡುಗಿ, ಮನೆಯ ಮಕ್ಕಳನ್ನು ಕಾನ್ವೆಂಟಿಗೆ ಕಳಿಸುವ ಭಾಷಣಕಾರರ ಸಾಲಿಗೆ ನಮ್ಮನ್ನು ಸೇರಿಸಬೇಡ. ನಮ್ಮ ತಕರಾರು ಆ ಅಚ್ಚಾದ ಹಾಳೆಯ ಮೇಲೆ. ನಿನ್ನ ಊರು, ನಿನ್ನ ಮನೆ, ನಿನ್ನ ಸಂಜೆ ಯಾವುದೂ ಇಂಗ್ಲಿಷಿನಲ್ಲಿ ಹೇಳಲು ಲಾಯಕ್ಕಲ್ಲ ಎಂದು ಆ ಹಾಳೆ ನಿನಗೆ ಸದ್ದಿಲ್ಲದೆ ಕಲಿಸುತ್ತಿದೆಯಲ್ಲ, ಅದರ ಮೇಲೆ!

ಮೊದಲು ಆ ಶಬ್ದವನ್ನೇ ಬಿಡಿಸಿ ನೋಡು. ‘ಹಾಬಿ’ ಎಂದರೆ ಮಹಾ ಗಹನವಾದದ್ದೇನೂ ಅಲ್ಲ. ಇಂಗ್ಲಿಷರಲ್ಲಿ ಅದು ಮೊದಲು ಒಂದು ಗಿಡ್ಡ ಕುದುರೆಯ ಹೆಸರು. ಆಮೇಲೆ ಮಕ್ಕಳು ಕಾಲ ನಡುವೆ ಸಿಕ್ಕಿಸಿಕೊಂಡು ಓಡುವ ಕೋಲುಕುದುರೆಗೆ ಬಂತು. ಅಲ್ಲಿಂದ ದೊಡ್ಡವರು ಖುಷಿಗಾಗಿ ಮಾಡುವ ಕೆಲಸಕ್ಕೆ ಅಂಟಿಕೊಂಡಿತು. ಇನ್ನು ನಮ್ಮ ‘ಹವ್ಯಾಸ’. ಗಡಿ ದಾಟಿ ಉದಗೀರಕ್ಕೆ ಹೋಗಿ ಇದೇ ಶಬ್ದ ಆಡಿದರೆ ಮರಾಠಿಯವರು ದುರಾಸೆ, ಹಪಾಹಪಿ ಎಂದು ತಿಳಿದು ನಕ್ಕಾರು. ಅವರ ಹವ್ಯಾಸಕ್ಕೆ ಅವರು ‘ಛಂದ’ ಎನ್ನುತ್ತಾರೆ. ‘ಪುರಸೊತ್ತು’ ನಮಗೆ ಅರಬ್ಬಿ, ಪಾರಸಿಯ ದಾರಿಯಿಂದ ಬಂದದ್ದು. ಉರ್ದು ಮಾತಾಡುವ ನಿನ್ನ ನೆರೆಯವನ ಬಾಯಲ್ಲಿ ಅದು ಇಂದಿಗೂ ‘ಫುರ್ಸತ್’. ‘ಬಿಡುವು’ ಮಾತ್ರ ಅಚ್ಚಗನ್ನಡ. ಬೀದರ ಸೀಮೆಯಲ್ಲಿ ಬೆಳೆದ ನೀನು ಮೂರು ಭಾಷೆಯ ಬಿಡುವನ್ನು ಬಾಯಲ್ಲಿ ಆಡಿಸಿಕೊಂಡೇ ದೊಡ್ಡವನಾದವನು. ಅಂಥವನಿಗೆ ನಾಲ್ಕನೆಯ ಭಾಷೆಯ ಒಂದು ಪ್ರಶ್ನೆಯ ಮುಂದೆ ನಡುಕವೇ?

ಇನ್ನೊಂದು ಗುಟ್ಟು ಹೇಳುತ್ತೇನೆ. ದಿನನಿತ್ಯದ ಮಾತಿನಲ್ಲಿ ಇಂಗ್ಲಿಷಿನವರು ಹೆಚ್ಚಾಗಿ ಕೇಳುವುದು ‘ವಾಟ್ ಡು ಯು ಡೂ ಇನ್ ಯುವರ್ ಫ್ರೀ ಟೈಮ್?’ ಎಂದು. ಬರಿಯ ‘ವಾಟ್ ಡು ಯು ಡೂ?’ ಎಂದರೆ ನಿನ್ನ ಉದ್ಯೋಗ ಯಾವುದು ಎಂದರ್ಥ. ಅಲ್ಲಿ ಹಾಬಿ ಹೇಳಿ ನಗೆಪಾಟಲಾಗಬೇಡ. ಬಿಡುವಿನಲ್ಲಿ ಏನು ಮಾಡುತ್ತೀ ಎಂದು ಕೇಳಿದವನಿಗೆ ಪಟ್ಟಿ ಬೇಕಾಗಿಲ್ಲ. ನೀನು ಮಾಡುವ ಒಂದು ಕೆಲಸ ಬೇಕು, ಅದರ ಹಿಂದೆ ಎರಡು ಮಾತು ಬೇಕು. ನಮ್ಮೂರ ಕಟ್ಟೆಯ ಮೇಲೆ ‘ಏನ್ ಮಾಡ್ಲತ್ತಿದಿ?’ ಎಂದು ಕೇಳಿದರೆ ನೀನು ಪಟ್ಟಿ ಒಪ್ಪಿಸುತ್ತೀಯಾ? ಇಲ್ಲವಲ್ಲ. ಅಲ್ಲಿ ಮಾತು ಮಾತಿಗೆ ಹುಟ್ಟುತ್ತದೆ.

ಔರಾದ ಕಡೆಯ ಒಬ್ಬ ಹುಡುಗನನ್ನು ನೆನೆಸಿಕೋ. ರಜೆಗೆ ಊರಿಗೆ ಹೋದರೆ ಅವನ ಕಾಲು ಮೊದಲು ಎಳೆಯುವುದು ಕೊಟ್ಟಿಗೆಗೆ. ದೇವಣಿ ದನ ನಮ್ಮ ಬೀದರ ಮತ್ತು ಪಕ್ಕದ ಲಾತೂರು ಸೀಮೆಯ ತಳಿ. ಲಾತೂರಿನ ದೇವಣಿ ಎಂಬ ಊರೇ ಅದಕ್ಕೆ ಹೆಸರು ಕೊಟ್ಟಿದೆ. ಮೈಯೆಲ್ಲ ಬಿಳಿ ಇದ್ದರೆ ಬಾಳಂಕ್ಯಾ. ಮೈ ಬಿಳಿಯಿದ್ದು ಮುಖಕ್ಕೆ ಕಪ್ಪು ಹತ್ತಿದ್ದರೆ ವಾನೇರಾ. ಕಪ್ಪು ಬಿಳಿ ಮಚ್ಚೆ ಇದ್ದರೆ ಶೇವೇರಾ. ಅಮರೇಶ್ವರ ಜಾತ್ರೆಯಲ್ಲಿ ಹೋರಿಯ ಮುಂದೆ ನಿಂತು ಹಲ್ಲು ನೋಡಿ ವಯಸ್ಸು ಹೇಳುವ ಹುಡುಗರಿದ್ದಾರೆ. ಇಂಥವನು ‘ಲಿಸನಿಂಗ್ ಟು ಮ್ಯೂಸಿಕ್’ ಎಂದು ಗಿಳಿಪಾಠ ಒಪ್ಪಿಸಬೇಕೆ? ‘ಇನ್ ಮೈ ಫ್ರೀ ಟೈಮ್ ಐ ಲುಕ್ ಆಫ್ಟರ್ ಅವರ್ ದೇವಣಿ ಬುಲ್’ ಎನ್ನಲಿ. ಸುಲಭ ವಾಕ್ಯ, ತಪ್ಪಿಲ್ಲ. ಎದುರಿಗಿದ್ದವರು ಕತ್ತೆತ್ತಿ ‘ದೇವಣಿ ಎಂದರೇನು?’ ಎಂದು ಕೇಳಿಯೇ ಕೇಳುತ್ತಾರೆ. ಎರಡನೇ ಪ್ರಶ್ನೆಗೆ ಹೆದರುತ್ತಿದ್ದವನು ಈಗ ಎರಡನೇ ಪ್ರಶ್ನೆಗೆ ಕಾಯುತ್ತಾನೆ!

ಬೀದರ ಪಟ್ಟಣದವನೇ, ನಿನಗೇನು ಕಡಿಮೆ? ಕೋಟೆಯಿದೆ. 1472ರಲ್ಲಿ ಕಟ್ಟಿ ಮುಗಿಸಿದ ಮಹಮೂದ್ ಗವಾನನ ಮದರಸಾ ಇದೆ. ನೀನು ಸಂಜೆ ಹೊತ್ತು ಸುಮ್ಮನೆ ಅಡ್ಡಾಡುವ ಜಾಗಗಳನ್ನು ನೋಡಲು ಹೊರನಾಡಿನವರು ಕಾಸು ಕೊಟ್ಟು ಬರುತ್ತಾರೆ. ಬಿದರಿ ಕೆಲಸದ ಅಂಗಡಿಯ ಮುಂದೆ ಎಂದಾದರೂ ಅರ್ಧ ತಾಸು ನಿಂತಿದ್ದೀಯಾ? ಸತುವಿಗೆ ತುಸು ತಾಮ್ರ ಬೆರೆಸಿ ಎರಕ ಹೊಯ್ಯುತ್ತಾರೆ. ಉಳಿಯಿಂದ ಬಳ್ಳಿ ಹೂವು ಕೊರೆದು, ಕೊರೆದ ಗೀರಿನೊಳಗೆ ಬೆಳ್ಳಿಯ ತಂತಿ ಬಡಿದು ಕೂಡಿಸುತ್ತಾರೆ. ಕೊನೆಗೆ ಕೋಟೆಯ ಮಣ್ಣಿಗೆ ನವಸಾಗರ ಬೆರೆಸಿ ಕಾಯಿಸಿ ತಿಕ್ಕಿದರೆ ಸತುವು ಕಾಡಿಗೆಯಂತೆ ಕಪ್ಪಾಗುತ್ತದೆ, ಬೆಳ್ಳಿ ಮಾತ್ರ ಬೆಳಗುತ್ತದೆ. ಈ ಕಲೆಗೆ 2006ರಲ್ಲಿ ಭೌಗೋಳಿಕ ಗುರುತು ಸಿಕ್ಕಿತು. ನಮ್ಮೂರಿನ ಬಿದರಿ ಕಲಾವಿದ ಶಾ ರಶೀದ್ ಅಹಮದ್ ಖಾದ್ರಿ ಅವರಿಗೆ 2023ರಲ್ಲಿ ಪದ್ಮಶ್ರೀ ಬಂತು. ಇಷ್ಟನ್ನು ಇಂಗ್ಲಿಷಿನಲ್ಲಿ ಐದು ವಾಕ್ಯ ಮಾಡಿ ಹೇಳಲು ಕಲಿತರೆ ಅದಕ್ಕಿಂತ ದೊಡ್ಡ ಸ್ಪೋಕನ್ ಇಂಗ್ಲಿಷ್ ಬೇಕೆ? ಆದರೆ ಐದು ವಾಕ್ಯ ಹೇಳಬೇಕಾದರೆ ಮೊದಲು ನಿಂತು ನೋಡಿರಬೇಕು, ಕೇಳಿ ತಿಳಿದಿರಬೇಕು, ಕನ್ನಡದಲ್ಲಿ ಮನಸ್ಸಿಗೆ ಇಳಿದಿರಬೇಕು. ಕನ್ನಡದಲ್ಲೇ ಹೇಳಲು ಏನೂ ಇಲ್ಲದವನಿಗೆ ಇಂಗ್ಲಿಷ್ ಏನು ಕೊಟ್ಟೀತು?

ಭಾಲ್ಕಿಯವನು ಕಬಡ್ಡಿ ಆಡುತ್ತಾನೆ ಅಂದುಕೋ. ಅದನ್ನು ಹೇಳಲು ಯಾಕೆ ನಾಚಿಕೆ? 1990ರ ಬೀಜಿಂಗ್ ಏಷ್ಯನ್ ಕ್ರೀಡಾಕೂಟದಲ್ಲೇ ಅದು ಪದಕದ ಆಟವಾಯಿತು. ಇಂಗ್ಲಿಷಿನಲ್ಲೂ ಕಬಡ್ಡಿ ಕಬಡ್ಡಿಯೇ.

ಈಗ ತಂಗೀ, ನಿನ್ನ ಮಾತು. ಹಾಬಿ ಎಂಬುದು ಬಿಡುವಿದ್ದವರ ವಿಷಯ. ನಿನ್ನ ಅಣ್ಣ ಸಂಜೆ ಮೈದಾನಕ್ಕೆ ಹೋದಾಗ ನೀನು ನೀರು ತುಂಬಿ, ರೊಟ್ಟಿ ಬಡಿದು, ತಮ್ಮನ ಲೆಕ್ಕ ತಿದ್ದುತ್ತಿರುತ್ತೀ. ಭಾಷೆಯ ಹಕ್ಕಿನ ಬಗ್ಗೆ ಗಂಟಲು ಹರಿದುಕೊಳ್ಳುವ ನಮ್ಮ ಗಂಡುಹುಡುಗರು ಮನೆಯಲ್ಲಿ ತಂಗಿಯ ಬಿಡುವಿನ ಹಕ್ಕನ್ನು ನುಂಗುತ್ತಾರೆಂಬುದನ್ನು ಈ ಪುಟದಲ್ಲೇ ಬರೆಯಬೇಕಾಗಿದೆ. ಇಷ್ಟರ ನಡುವೆಯೂ ನಿನ್ನ ಅವ್ವ ಹಳೆಯ ಸೀರೆ ಕೂಡಿಸಿ ಕೌದಿ ಹೊಲಿದಳು. ಅಜ್ಜಿ ಬುಲಾಯಿ ಪದ ಹಾಡಿದಳು. ಅದನ್ನು ಯಾರಾದರೂ ಹಾಬಿ ಎಂದರೇ? ಅದೇ ಕೌದಿ ನಗರದ ದೊಡ್ಡ ಅಂಗಡಿ ಸೇರಿದರೆ ‘ಹ್ಯಾಂಡ್‌ಮೇಡ್ ಕ್ವಿಲ್ಟ್’ ಆಗಿ ಗಾಜಿನ ಹಿಂದೆ ತೂಗುತ್ತದೆ! ಯಾವ ಹೊಲಿಗೆ, ಯಾವ ಅಂಚು, ಮೂಲೆಯಲ್ಲಿ ಏನು ಇಡುತ್ತಾರೆ ಎಂದು ಅವ್ವನನ್ನು ಕೇಳಿ ಬರೆದಿಟ್ಟುಕೋ. ಸಂದರ್ಶನಕ್ಕೆ ನಿನ್ನ ಹತ್ತಿರ ಇದಕ್ಕಿಂತ ಗಟ್ಟಿ ಉತ್ತರವಿಲ್ಲ.

ಬಿಡುವಿನ ಮಾತಿಗೆ ಇಷ್ಟೊಂದು ಯಾಕೆ ಹೊಡೆದಾಡುತ್ತಿದ್ದೇವೆ ಎಂದು ನಿನಗೆ ಅನಿಸಬಹುದು. ಇತಿಹಾಸ ತೆಗೆದು ನೋಡು. 1948ರ ಸೆಪ್ಟೆಂಬರದವರೆಗೆ ಬೀದರ ನಿಜಾಮರ ಸಂಸ್ಥಾನದಲ್ಲಿತ್ತು. ಕಚೇರಿಯ ಭಾಷೆ ಉರ್ದು. ಹೈದರಾಬಾದಿನಲ್ಲಿ 1918ರಲ್ಲಿ ಹುಟ್ಟಿದ ಉಸ್ಮಾನಿಯಾ ವಿಶ್ವವಿದ್ಯಾಲಯದ ಪಾಠವೂ ಉರ್ದುವಿನಲ್ಲೇ. ಉರ್ದು ನಮ್ಮ ನೆರೆಯವರ ಸವಿಯಾದ ಭಾಷೆ, ಅದರ ಮೇಲೆ ನಮಗೆ ಹಗೆಯಿಲ್ಲ. ಆದರೆ ಆಗ ಕನ್ನಡಕ್ಕೆ ಕಚೇರಿಯೊಳಗೆ ಜಾಗವಿರಲಿಲ್ಲ. ಔರಾದ ಸೀಮೆಯ ಕಮಲನಗರದಲ್ಲಿ 1890ರಲ್ಲಿ ಹುಟ್ಟಿ ಭಾಲ್ಕಿ ಹಿರೇಮಠಕ್ಕೆ ಬಂದ ಚನ್ನಬಸವ ಪಟ್ಟದ್ದೇವರು ಏನು ಮಾಡಿದರು ಗೊತ್ತೇ? ಹೊರಗೆ ಉರ್ದು ಫಲಕ ಹಾಕಿ ಒಳಗೆ ಮಕ್ಕಳಿಗೆ ಕನ್ನಡ ಕಲಿಸಿದರು! ಬೀದರದ ಜಿಲ್ಲಾ ರಂಗಮಂದಿರಕ್ಕೆ ಇಟ್ಟಿರುವುದು ಅವರದೇ ಹೆಸರು. ಆ ಮಠದ ಹೊರಗೆ ಕನ್ನಡ ಬದುಕಿದ್ದು ಎಲ್ಲಿ? ದುಡಿದು ಬಂದವರ ರಾತ್ರಿಯ ಭಜನೆಯಲ್ಲಿ, ಬೀಸುಕಲ್ಲಿನ ಪದದಲ್ಲಿ, ಮೊಹರಂ ಹೆಜ್ಜೆಯ ಹಾಡಿನಲ್ಲಿ. ಅಂದರೆ ಜನರ ಬಿಡುವಿನಲ್ಲಿ. ಕಚೇರಿ ಕೈಬಿಟ್ಟ ಭಾಷೆಯನ್ನು ನಮ್ಮ ಹಿರಿಯರ ಸಂಜೆಗಳು ಹೊತ್ತುಕೊಂಡು ಬಂದವು. 1956ರ ನವೆಂಬರ 1ರಂದು ಬೀದರ ಕನ್ನಡ ನಾಡಿಗೆ ಸೇರುವಾಗ ಸೇರಲು ಕನ್ನಡ ಉಳಿದಿತ್ತೆಂದರೆ ಅದಕ್ಕೆ ಆ ಸಂಜೆಗಳ ಋಣವೂ ಇದೆ.

ಇಂದು ಆ ಸಂಜೆಗೆ ಏನಾಗಿದೆ? ಕಚೇರಿಯಲ್ಲಿ ಕನ್ನಡ ಬಂತು, ಸಂಜೆಯಿಂದ ಜಾರುತ್ತಿದೆ. ಕಟ್ಟೆಯ ಮೇಲೆ ನಾಲ್ಕು ಗೆಳೆಯರು ಕುಳಿತಿರುತ್ತಾರೆ, ನಾಲ್ವರ ಕೈಯಲ್ಲೂ ಮೊಬೈಲು, ಹೆಬ್ಬೆರಳು ಮೇಲಕ್ಕೆ ಮೇಲಕ್ಕೆ. ಹಿಂದಿಯ ರೀಲು, ತೆಲುಗಿನ ಹಾಡು, ಇಂಗ್ಲಿಷಿನ ಆಟ. ‘ಏನ್ ಮಾಡ್ಲತ್ತಿದ್ರಿ?’ ಎಂದರೆ ‘ಟೈಂಪಾಸ್’ ಎನ್ನುತ್ತಾರೆ. ಅದೂ ಭಾರತದಲ್ಲೇ ಹುಟ್ಟಿದ ಇಂಗ್ಲಿಷ್! ನೋಡಬೇಡ ಎನ್ನುವುದಿಲ್ಲ. ಆದರೆ ಎರಡು ತಾಸು ನೋಡಿ ಎದ್ದ ಮೇಲೆ ಯಾವ ಭಾಷೆಯಲ್ಲಾದರೂ ಸರಿ, ಅದರ ಬಗ್ಗೆ ನಾಲ್ಕು ಮಾತು ಹೇಳಲು ಬಾಯಿ ಬರುತ್ತದೆಯೇ? ಸಂದರ್ಶನದಲ್ಲಿ ಅಚ್ಚಾದ ಹಾಳೆಗೆ ಮೊರೆಹೋಗುವುದು ಇದೇ ಕಾರಣಕ್ಕೆ. ಸಂಜೆ ಖಾಲಿ, ಅದಕ್ಕೇ ಉತ್ತರ ಬಾಡಿಗೆಯದು.

ದೊಡ್ಡ ಪರೀಕ್ಷೆಯ ಕನಸಿದ್ದವರು ಇದನ್ನು ಕಿವಿಗೊಟ್ಟು ಕೇಳಿರಿ. ಕೇಂದ್ರ ಲೋಕಸೇವಾ ಆಯೋಗದ ನಾಗರಿಕ ಸೇವಾ ಪರೀಕ್ಷೆಯ ವಿವರವಾದ ಅರ್ಜಿಯಲ್ಲಿ ಹವ್ಯಾಸ ಬರೆಯಲು ಕಲಂ ಇದೆ. ಸಂದರ್ಶನಕ್ಕೆ 275 ಅಂಕ. ಮಂಡಳಿಯವರು ಆ ಕಲಮಿನಿಂದ ಪ್ರಶ್ನೆ ತೆಗೆಯುವುದುಂಟು. ಮುಖ್ಯ ಪರೀಕ್ಷೆಯನ್ನು ಕನ್ನಡದಲ್ಲಿ ಬರೆದವರು ಸಂದರ್ಶನವನ್ನೂ ಕನ್ನಡದಲ್ಲೇ ಎದುರಿಸಬಹುದು. ದಿಲ್ಲಿಯಲ್ಲಿ ಕನ್ನಡದಲ್ಲಿ ಹವ್ಯಾಸ ಹೇಳುವ ಹಕ್ಕಿದೆ. ಬೀದರದ ಗಲ್ಲಿಯ ಕ್ಲಾಸಿನಲ್ಲಿ ಕನ್ನಡ ಆಡಿದರೆ ದಂಡ ಹಾಕುತ್ತಾರೆ! ಹತ್ತು ರೂಪಾಯಿ ದಂಡದ ಡಬ್ಬಿ ಇಟ್ಟ ಮೇಷ್ಟ್ರನ್ನು ನೀನು ಎದ್ದು ನಿಂತು ಕೇಳು: ‘ಸರ್, ಮೊದಲು ಕನ್ನಡದಲ್ಲಿ ಹೇಳ್ತೀನಿ, ಆಮೇಲೆ ಅದನ್ನೇ ಇಂಗ್ಲಿಷಿನಲ್ಲಿ ಹೇಳಿಕೊಡ್ರಿ.’ ಒಳ್ಳೆಯ ಮೇಷ್ಟ್ರು ಖುಷಿಯಿಂದ ಒಪ್ಪುತ್ತಾರೆ. ಒಪ್ಪದವರಿಗೆ ಫೀಸು ಕೊಡುವುದನ್ನು ನಿಲ್ಲಿಸು.

‘ರೀಡಿಂಗ್ ಬುಕ್ಸ್’ ಅನ್ನು ನಿಜ ಮಾಡುವ ದಾರಿಯೂ ಇದೆ. 1965ರ ಕರ್ನಾಟಕ ಸಾರ್ವಜನಿಕ ಗ್ರಂಥಾಲಯ ಕಾಯ್ದೆಯಂತೆ ನಿಮ್ಮ ಮನೆಯ ಆಸ್ತಿ ತೆರಿಗೆಯ ಮೇಲೆ ರೂಪಾಯಿಗೆ 6 ಪೈಸೆ ಗ್ರಂಥಾಲಯ ಕರ ಸೇರಿಸಿ ವಸೂಲಿ ಮಾಡುತ್ತಾರೆ. ಅಪ್ಪನ ತೆರಿಗೆ ರಸೀದಿ ತೆಗೆದು ನೋಡು. ಪುಸ್ತಕದ ದುಡ್ಡು ನೀವು ಕೊಟ್ಟಾಗಿದೆ! ಇನ್ನು ನಿಮ್ಮೂರಿನ ಗ್ರಂಥಾಲಯಕ್ಕೆ ಹೋಗು. ಸಂಜೆ ಎಷ್ಟು ಗಂಟೆಗೆ ಬಾಗಿಲು ಹಾಕುತ್ತಾರೆ, ಹೆಣ್ಣುಮಕ್ಕಳು ಕೂಡಲು ಜಾಗ ಎಷ್ಟಿದೆ, ಕಳೆದ ವರ್ಷ ಕೊಂಡ ಕನ್ನಡ ಪುಸ್ತಕ ಎಷ್ಟು, ಎಲ್ಲ ಗುರುತು ಹಾಕಿಕೋ. ಔರಾದವರು ಔರಾದದಲ್ಲಿ, ಭಾಲ್ಕಿಯವರು ಭಾಲ್ಕಿಯಲ್ಲಿ, ಬೀದರದವರು ಬೀದರದಲ್ಲಿ. ಆಮೇಲೆ ಹತ್ತು ಜನ ಸೇರಿ ಪಟ್ಟಣದ ಆಡಳಿತ ಕಚೇರಿಗೆ ಹೋಗಿ, ವಸೂಲಾದ ಕರ ಎಷ್ಟು, ಗ್ರಂಥಾಲಯಕ್ಕೆ ದಾಟಿಸಿದ್ದು ಎಷ್ಟು ಎಂದು ಕನ್ನಡದಲ್ಲಿ ಅರ್ಜಿ ಬರೆದು ಕೊಡಿರಿ. ಗುಮಾಸ್ತರು ‘ನಾಳೆ ಬರ್ರಿ’ ಎಂದರೆ ಅಲ್ಲೇ ಬೆಂಚಿನ ಮೇಲೆ ಕುಳಿತುಕೊಳ್ಳಿರಿ. ಸ್ವೀಕೃತಿಯ ಮುದ್ರೆ ಬೀಳದೆ ಏಳಬೇಡಿರಿ.