437 ಕೋಟಿಯ ಮಾತು

ನರಸಾಪುರದ ವಿಸ್ಟ್ರಾನ್ ಕಾರ್ಖಾನೆಯಲ್ಲಿ 2020ನೆಯ ಇಸವಿ ಡಿಸೆಂಬರ್ 12ರ ಬೆಳಿಗ್ಗೆ ನಡೆದ ದೊಂಬಿಯನ್ನು ಕೋಲಾರ ಜಿಲ್ಲೆಯ ವಾಚಕ ಮಹಾಶಯರು ಮರೆತಿರಲಾರರು. ಆ್ಯಪಲ್ ಫೋನುಗಳನ್ನು ಜೋಡಿಸುತ್ತಿದ್ದ ಆ ಕಾರ್ಖಾನೆಯ ಗಾಜುಗಳು ಒಡೆದುವು, ವಾಹನಗಳು ಮಗುಚಿದುವು, ನೂರಕ್ಕೂ ಹೆಚ್ಚು ಮಂದಿ ಸೆರೆಯಾದರು. ಕಾರ್ಖಾನೆಯು 2023ರ ಒಪ್ಪಂದದಂತೆ ಟಾಟಾದವರ ಕೈಸೇರಿಯೂ ಆಯಿತು. ಆದರೂ ಮಾಲೂರು, ಮುಳಬಾಗಿಲು, ಶ್ರೀನಿವಾಸಪುರಗಳ ಅಂಗಡಿ ಬೀದಿಗಳಲ್ಲಿ ಆ ದಿನದ ನಷ್ಟವೆಷ್ಟೆಂದು ವಿಚಾರಿಸಿದರೆ, 437 ಕೋಟಿ ರೂಪಾಯಿ ಎಂಬ ಮಾತೇ ಮೊದಲು ಕೇಳಿಬರುವುದು.

ಈ ಅಂಕಿ ಎಲ್ಲಿಂದ ಬಂದಿತು? ಕಂಪನಿಯ ಅಧಿಕಾರಿಯೊಬ್ಬರು ಪೋಲೀಸರಿಗೆ ಕೊಟ್ಟ ದೂರಿನಿಂದ. ದೂರೆಂಬುದು ಒಂದು ಪಕ್ಷದ ಹೇಳಿಕೆ. ಪಂಚನಾಮೆಯೂ ಅಲ್ಲ, ತೀರ್ಪೂ ಅಲ್ಲ. ಕಾಗದಪತ್ರಗಳಲ್ಲಿ ಪಳಗಿದ ನಮ್ಮ ಅಧಿಕಾರಿವರ್ಗದವರಿಗೆ ಈ ಭೇದವನ್ನು ನಾವು ಹೇಳಿಕೊಡಬೇಕಾದುದಿಲ್ಲ. ಕೆಲವೇ ದಿನಗಳೊಳಗಾಗಿ ಅದೇ ಕಂಪನಿಯು ತೈವಾನಿನ ಷೇರುಪೇಟೆಗೆ ಬರೆದು, ನಷ್ಟವು ನಮ್ಮ ನಾಣ್ಯದಲ್ಲಿ ಸುಮಾರು 26ರಿಂದ 52 ಕೋಟಿಯೆಂದೂ, ಮುಖ್ಯ ಯಂತ್ರಗಳಿಗೂ ಉಗ್ರಾಣಗಳಿಗೂ ಭಾರಿ ಹಾನಿಯಾಗಿಲ್ಲವೆಂದೂ ತಿಳಿಸಿತು. ಠಾಣೆಯ ಲೆಕ್ಕ ಒಂದು, ಹಣ ಹೂಡಿದವರೆದುರಿನ ಲೆಕ್ಕ ಇನ್ನೊಂದು!

ಎರಡನೆಯ ಅಂಕಿಯು ಜನರ ಮನಸ್ಸಿನಲ್ಲಿ ನಿಲ್ಲಲಿಲ್ಲ. ಏಕೆಂದರೆ ಮೊದಲನೆಯದು ಕೋಪದೊಡನೆ ಬಂದಿತ್ತು. ಕೆಲವರಿಗೆ ಕಾರ್ಮಿಕರೆಲ್ಲರೂ ದೇಶದ ಕೈಗಾರಿಕೆಗೆ ಕೊಳ್ಳಿಯಿಟ್ಟ ದ್ರೋಹಿಗಳಾದರು. ಮತ್ತೆ ಕೆಲವರಿಗೆ ಒಡೆದ ಗಾಜಿನ ಮಾತೆತ್ತುವವರೆಲ್ಲರೂ ಬಂಡವಾಳಗಾರರ ಬಂಟರಾದರು. ಗಾಜು ಒಡೆಯುವ ಚಿತ್ರ ಫೋನಿನಿಂದ ಫೋನಿಗೆ ಹಾರಿತು. ಬಾರದ ಸಂಬಳಕ್ಕೆ ಅಂತಹ ಚಿತ್ರವೆಲ್ಲಿ? ಕಾರ್ಮಿಕರ ಸಂಖ್ಯೆಯು ಅಲ್ಪಕಾಲದಲ್ಲಿ 5,000ದಿಂದ 10,500ಕ್ಕೆ ಏರಿದ್ದುದನ್ನೂ, ಹಾಜರಿ ಲೆಕ್ಕ ಸರಿಯಿಲ್ಲದುದನ್ನೂ ಸರ್ಕಾರದ ಕಾರ್ಖಾನೆಗಳ ಇಲಾಖೆಯವರು ಕಂಡು ಬರೆದರು. ಡಿಸೆಂಬರ್ 19ರಂದು ಕಂಪನಿಯೇ, ಕೆಲವರಿಗೆ ಸಂಬಳ ಸರಿಯಾಗಿ, ಸಕಾಲದಲ್ಲಿ ಸಂದಿಲ್ಲವೆಂದು ಒಪ್ಪಿ ಕ್ಷಮೆ ಬೇಡಿ, ತನ್ನ ಉಪಾಧ್ಯಕ್ಷರೊಬ್ಬರನ್ನು ತೆಗೆದುಹಾಕಿತು. ಇದರಿಂದ ದೊಂಬಿಯು ನ್ಯಾಯವಾಗದು. ದೊಂಬಿಯಿಂದ ಸಂಬಳದ ಅನ್ಯಾಯವೂ ಅಳಿಯದು. ಎರಡನ್ನೂ ಒಟ್ಟಿಗೆ ನುಡಿದವನಿಗೆ ಆ ವಾರ ಎರಡು ಕಡೆಯಲ್ಲಿಯೂ ಮಿತ್ರರಿರಲಿಲ್ಲ.

ತಪ್ಪು ವಾಚಕರದೊಂದೇ ಅಲ್ಲ. "ದೂರಿನಲ್ಲಿ ಹೇಳಿರುವಂತೆ" ಎಂಬ ಮಾತನ್ನು ಕೈಬಿಟ್ಟು ಅಂಕಿಯನ್ನು ತಲೆಬರಹಕ್ಕೇರಿಸಿದವರಲ್ಲಿ ನಮ್ಮ ವೃತ್ತಿಯವರೂ ಇದ್ದರು. ತಿದ್ದಿದ ಅಂಕಿಯನ್ನು ಅದೇ ಪುಟದಲ್ಲಿ, ಅದೇ ಅಳತೆಯ ಅಕ್ಷರಗಳಲ್ಲಿ ಅಚ್ಚುಹಾಕುವುದು ಪತ್ರಿಕೆಗಳ ಕರ್ತವ್ಯವೆಂದು ನಾವು ತಿಳಿದಿರುವೆವು. ಹಾಗೆ ಮಾಡದ ಪತ್ರಿಕೆಗೆ, ಅದು ನಮ್ಮದೇ ಆದರೂ ಸರಿಯೇ, ವಾಚಕರು ಒಂದು ಕಾಗದ ಬರೆದು ಕಾರಣ ಕೇಳಬೇಕೆಂದು ಪ್ರಾರ್ಥಿಸುವೆವು.